ಯೆಜ್ಡಿ ಸೈಲೆನ್ಸರ್ ತೂತು ಬಿದ್ದಾಗ: ಹೊಸದು ಹಾಕೋದಾ, ಹಳೇದನ್ನೇ ರಿಪೇರಿ ಮಾಡಿಸೋದಾ?

ಈ ವಾರದ ಮಾತನ್ನ ಎಂದಿನ ಹಾಗೆ ಬರಹಕ್ಕೆ ಇಳಿಸಿದ್ದೀನಿ. ವಿಡಿಯೋದಲ್ಲಿ ಗ್ರೈಂಡರ್ ಸದ್ದಿಗೆ ಎರಡು ಕಡೆ ನನ್ನ ಮಾತು ಕೇಳಿಸಿಲ್ಲ. ಅದು ಇಲ್ಲಿ ಪೂರ್ತಿ ಇದೆ, ಜೊತೆಗೆ ಅಲ್ಲಿ ಹೇಳೋಕೆ ಮರೆತಿದ್ದ ಒಂದೆರಡು ವಿಷಯಾನೂ ಇದೆ.

ನನ್ನ ಹತ್ರ ಇರೋದು ಅಪ್ಪನ ಯೆಜ್ಡಿ ರೋಡ್‌ಕಿಂಗ್. 1993ರ ಗಾಡಿ, ಕೆಎ 09 ನಂಬರು. ಹೈದರಾಬಾದಿಗೆ ಕೆಲಸಕ್ಕೆ ಬಂದ ಎರಡನೇ ವರ್ಷ ಅದನ್ನ ಮೈಸೂರಿನಿಂದ ರೈಲಲ್ಲಿ ಪಾರ್ಸಲ್ ಹಾಕಿಸಿ ಕಾಚಿಗುಡದಲ್ಲಿ ಇಳಿಸಿಕೊಂಡೆ. ಟ್ಯಾಂಕ್ ಖಾಲಿ ಮಾಡಿಸಿ, ಗೋಣಿಚೀಲ ಸುತ್ತಿ ಕಳಿಸಿದ್ರು. ಇಲ್ಲಿ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟ್ ಸೆಲ್ಲಾರ್‌ನಲ್ಲಿ, ಆಫೀಸ್ ಸ್ಕೂಟರ್ ಪಕ್ಕ, ಆರು ವರ್ಷ ನಿಂತಿತ್ತು. ಪ್ರತಿ ಭಾನುವಾರ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತಿದ್ದೆ. ಗಾಡಿ ಚೆನ್ನಾಗಿ ನೋಡಿಕೊಳ್ತಿದ್ದೀನಿ ಅಂತ ನನಗೆ ನಾನೇ ಶಭಾಷ್ ಹೇಳಿಕೊಂಡಿದ್ದೆ. ಆಮೇಲೆ ಗೊತ್ತಾಯ್ತು, ಆ ಎರಡು ನಿಮಿಷವೇ ಸೈಲೆನ್ಸರ್ ತಿಂದುಹಾಕಿದ್ದು ಅಂತ.

ಹೇಗೆ ಅಂದ್ರೆ, ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತೆ. ತಮಾಷೆ ಅಲ್ಲ, ಪೆಟ್ರೋಲಲ್ಲಿರೋ ಹೈಡ್ರೋಜನ್ ಗಾಳಿಯ ಆಕ್ಸಿಜನ್ ಜೊತೆ ಸೇರಿ ನೀರೇ ಆಗೋದು. ಗಾಡಿ ಇಪ್ಪತ್ತು ಕಿಲೋಮೀಟರ್ ಓಡಿದ್ರೆ ಪೈಪ್ ಬಿಸಿಯಾಗಿ ಅದೆಲ್ಲ ಆವಿಯಾಗಿ ಹೊರಗೆ ಹೋಗುತ್ತೆ. ಎರಡು ನಿಮಿಷಕ್ಕೆ ಆಫ್ ಮಾಡಿದ್ರೆ ತಣ್ಣಗಿರೋ ಸೈಲೆನ್ಸರ್ ಒಳಗೇ ಹನಿಹನಿಯಾಗಿ ನಿಂತು, ಮಸಿಯಲ್ಲಿರೋ ಆಮ್ಲದ ಜೊತೆ ಸೇರಿ, ತಳದ ಕಡೆಯಿಂದ ತಗಡನ್ನ ಕೊರೆಯುತ್ತೆ. ಹೊರಗೆ ಕ್ರೋಮ್ ಫಳಫಳ ಅಂತಿರುತ್ತೆ, ಒಳಗೆ ಹಪ್ಪಳ. ಸೆಲ್ಲಾರ್‌ನಲ್ಲಿ ಹಳೇ ಗಾಡಿ ಇಟ್ಟಿರೋರು ದಯವಿಟ್ಟು ಈ ಎರಡು ನಿಮಿಷದ ಪೂಜೆ ನಿಲ್ಲಿಸಿ. ಸ್ಟಾರ್ಟ್ ಮಾಡಿದ್ರೆ ಅರ್ಧ ಗಂಟೆ ಓಡಿಸಿ. ಆಗಲ್ವಾ, ಮುಟ್ಟಲೇಬೇಡಿ.

ಒಂದು ಭಾನುವಾರ ಕಿಕ್ ಹೊಡೆದಾಗ ಬಲಗಡೆ ಪೈಪಿಂದ ಬಡಬಡ ಅಂತ ಸೀಳು ಸದ್ದು ಬಂತು. ಬಗ್ಗಿ ನೋಡಿದ್ರೆ ತಳದಲ್ಲಿ ಬೆರಳು ಹೋಗೋವಷ್ಟು ತೂತು. ಎಡಗಡೆ ಬ್ರ್ಯಾಕೆಟ್ ಹತ್ರ ಕೂದಲೆಳೆ ಬಿರುಕು.

ಇಲ್ಲಿ ನಾನು ಮಾಡಿದ ತಪ್ಪು ಹೇಳಿಬಿಡ್ತೀನಿ. ಆನ್‌ಲೈನಲ್ಲಿ ಜೋಡಿ ಸೈಲೆನ್ಸರ್ ತರಿಸಿದೆ. ‘ಒರಿಜಿನಲ್ ಥರಾನೇ’ ಅಂತ ಬರೆದಿದ್ರು. ನೋಡೋಕೆ ನಿಜವಾಗ್ಲೂ ಹಾಗೇ ಇತ್ತು. ಮನೆ ಹತ್ರದ ಮೆಕ್ಯಾನಿಕ್ ಒಂದು ಗಂಟೇಲಿ ಕೂರಿಸಿಕೊಟ್ಟ. ಹಳೇ ಜೋಡೀನ ಅಲ್ಲೇ ಗುಜರಿಯವನಿಗೆ ತೂಕಕ್ಕೆ ಹಾಕಿದೆ. ಹೊಸದನ್ನ ಟೆಸ್ಟ್ ಮಾಡೋ ಮುಂಚೆ ಹಳೇದನ್ನ ಡಿಲೀಟ್ ಮಾಡಬಾರದು ಅಂತ ಆಫೀಸಲ್ಲಿ ದಿನಾ ಜೂನಿಯರ್ಸ್‌ಗೆ ಹೇಳೋ ಮನುಷ್ಯ ನಾನು.

ಮುಂದಿನ ತಿಂಗಳು ಅಪ್ಪ ಬಂದ್ರು. ನಾನು ಸೆಲ್ಲಾರ್‌ನಲ್ಲಿ ಸ್ಟಾರ್ಟ್ ಮಾಡಿದೆ, ಅವರು ಮೊದಲನೇ ಮಹಡಿ ಬಾಲ್ಕನಿಯಲ್ಲಿ ಕಾಫಿ ಕುಡೀತಾ ನಿಂತಿದ್ರು. ಮೇಲಿಂದಲೇ ಕೂಗಿದ್ರು: ‘ಯಾರ್ದೋ ಗಾಡಿ ಅದು? ನಮ್ದಲ್ಲ ಕಣೋ ಸದ್ದು.’ ಆಮೇಲೆ ಇಳಿದು ಬಂದು ನೋಡಿದ್ರು, ಏನೂ ಅನ್ನಲಿಲ್ಲ. ‘ಹಳೇದೆಲ್ಲಿ?’ ಅಂದ್ರು ಅಷ್ಟೇ. ಗುಜರಿಗೆ ಹಾಕಿದೆ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ರಿಪೇರಿಗೆ ಕೊಟ್ಟಿದ್ದೀನಿ ಅಂದೆ. ಸುಳ್ಳು.

ಸದ್ದಿನ ಮಾತು ಬಿಡಿ, ಗಾಡಿ ಎಳೀತಾನೂ ಇರಲಿಲ್ಲ. ಜುಬಿಲಿ ಹಿಲ್ಸ್ ಏರಲ್ಲಿ ಮೂರನೇ ಗೇರಿಗೆ ಉಸಿರು ಕಟ್ಟಿ ಎರಡಕ್ಕೆ ಇಳಿಸಬೇಕಾಗ್ತಿತ್ತು. ಪ್ಲಗ್ ಬಿಚ್ಚಿದ್ರೆ ತುದಿ ಬಿಳುಚಿಕೊಂಡಿತ್ತು. ಬಿಸ್ಕೆಟ್ ಬಣ್ಣ ಇರಬೇಕು ಅದು. ಬಿಳುಪು ಅಂದ್ರೆ ಎಂಜಿನ್ ಬಿಸಿ ಜಾಸ್ತಿಯಾಗಿ ಓಡ್ತಿದೆ ಅಂತ. ಸೈಲೆನ್ಸರ್ ಬದಲಾಯಿಸಿದ್ರೆ ಎಂಜಿನ್‌ಗೆ ಯಾಕೆ ಏಟು ಬೀಳುತ್ತೆ? ಇದನ್ನ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದ್ರೆ ಇವತ್ತಿನ ಮಾತೆಲ್ಲ ನಿಂತಿರೋದು ಇದರ ಮೇಲೆ.

ಈಗಿನ ಬೈಕೆಲ್ಲ ಫೋರ್ ಸ್ಟ್ರೋಕ್. ಅದರಲ್ಲಿ ಹೊಗೆ ಹೊರಗೆ ಹೋಗೋಕೆ ಬಾಗಿಲು ಇದೆ, ಅಂದ್ರೆ ವಾಲ್ವ್. ಬಾಗಿಲು ಮುಚ್ಚಿದ ಮೇಲೆ ಪೈಪಲ್ಲಿ ಏನಾದ್ರೂ ಆಗ್ಲಿ, ಎಂಜಿನ್ ಅಷ್ಟಾಗಿ ತಲೆ ಕೆಡಿಸಿಕೊಳ್ಳಲ್ಲ. ಟೂ ಸ್ಟ್ರೋಕ್‌ನಲ್ಲಿ ವಾಲ್ವೇ ಇಲ್ಲ. ಸಿಲಿಂಡರ್ ಗೋಡೇಲಿ ಕಿಂಡಿಗಳಿವೆ, ಪಿಸ್ಟನ್ ಮೇಲೆ ಕೆಳಗೆ ಹೋಗ್ತಾ ಅವನ್ನ ತೆರೆದು ಮುಚ್ಚುತ್ತೆ. ಹೊಸ ಪೆಟ್ರೋಲ್ ಗಾಳಿ ಒಳಗೆ ಬರೋ ಹೊತ್ತಿಗೆ ಹೊಗೆ ಹೋಗೋ ಕಿಂಡಿ ಇನ್ನೂ ತೆರೆದೇ ಇರುತ್ತೆ. ಮುಂಬಾಗಿಲಿಂದ ಬಂದ ನೆಂಟರು ಹಿತ್ತಲ ಬಾಗಿಲಿಂದ ಹೊರಟೇ ಹೋದ ಹಾಗೆ, ಉರಿಯದ ಪೆಟ್ರೋಲ್ ಸ್ವಲ್ಪ ಸೀದಾ ಪೈಪಿಗೆ ಹೋಗಿಬಿಡುತ್ತೆ. ಅದನ್ನ ತಡೆಯೋದು ಯಾರು? ಪೈಪೇ. ಹೊಗೆಯ ಹೊಡೆತ ಪೈಪಲ್ಲಿ ಅಲೆಯಾಗಿ ಹೋಗುತ್ತೆ. ಪೈಪ್ ಅಗಲವಾಗೋ ಜಾಗದಲ್ಲಿ ಅದು ಎಳೆಯೋ ಅಲೆಯಾಗಿ ತಿರುಗಿ ಬಂದು ಸಿಲಿಂಡರ್‌ನ ಹಳೇ ಹೊಗೇನ ಸೆಳೆಯುತ್ತೆ. ಸಣ್ಣಗಾಗೋ ಜಾಗದಲ್ಲಿ ತಳ್ಳೋ ಅಲೆಯಾಗಿ ವಾಪಸ್ ಬಂದು, ಹೊರಟಿದ್ದ ಪೆಟ್ರೋಲ್ ಗಾಳೀನ ಮತ್ತೆ ಒಳಕ್ಕೆ ದಬ್ಬುತ್ತೆ. ಆ ಅಲೆ ಕಿಂಡಿ ಮುಚ್ಚೋ ಮುಂಚೆ ಸರಿಯಾದ ಕ್ಷಣಕ್ಕೆ ಬರಬೇಕು. ಅದನ್ನ ತೀರ್ಮಾನ ಮಾಡೋದು ಪೈಪಿನ ಉದ್ದ, ಸುತ್ತಳತೆ, ಒಳಗಿನ ಜಾಲಿಯ ತೂತುಗಳು. ಹಾಗಾಗಿ ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಅಂದ್ರೆ ಎಂಜಿನ್ನಿನದೇ ಒಂದು ಭಾಗ. ತೂತು ಬಿದ್ರೂ ಅಲೆ ಕೆಡುತ್ತೆ, ಅಳತೆ ತಪ್ಪಿದ್ರೂ ಕೆಡುತ್ತೆ.

ಈ ವಿದ್ಯೆಯ ಹಿಂದೆ ಒಂದು ಸಿನಿಮಾ ಕಥೇನೇ ಇದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಝೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಅನ್ನೋ ಎಂಜಿನಿಯರ್ ರೇಸ್ ಬೈಕಿಗೆ ಈ ಥರ ಉಬ್ಬಿದ ಹೊಟ್ಟೆಯ ಪೈಪ್‌ಗಳನ್ನ ಪಳಗಿಸಿದ. ಅವನ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ ರೇಸಿಗೆ ಹೋದವನು ಅಲ್ಲಿಂದಲೇ ಪರಾರಿ, ಆ ವಿದ್ಯೆ ಸಮೇತ ಜಪಾನಿನ ಸುಜುಕಿ ಸೇರಿದ. ಮರು ವರ್ಷವೇ ಸುಜುಕಿಗೆ 50 ಸಿಸಿ ವಿಶ್ವ ಚಾಂಪಿಯನ್‌ಷಿಪ್. ಡೆಗ್ನರ್ ಓಡಿಹೋದ ಅದೇ 1961ರಲ್ಲಿ ನಮ್ಮ ಮೈಸೂರಿನ ಯಾದವಗಿರಿ ಕಡೆ ಐಡಿಯಲ್ ಜಾವಾ ಕಾರ್ಖಾನೆಯಿಂದ ಬೈಕ್ ಬರೋಕೆ ಶುರುವಾಯ್ತು. 1973ರಿಂದ ಯೆಜ್ಡಿ ಅನ್ನೋ ಹೆಸರು, 1978ರಲ್ಲಿ ರೋಡ್‌ಕಿಂಗ್, 1996ಕ್ಕೆ ಕಾರ್ಖಾನೆ ಬಾಗಿಲು ಹಾಕ್ತು. ಯೆಜ್ಡಿದು ರೇಸ್ ಪೈಪ್ ಅಲ್ಲ, ಮನೆಮಂದಿ ಪೈಪ್. ಆದ್ರೂ ಒಂದೇ ಸಿಲಿಂಡರಿಗೆ ಎರಡು ಕಿಂಡಿ, ಎರಡು ಸೈಲೆನ್ಸರ್ ಇಟ್ಟು ಅಳತೆ ಹಾಕಿಯೇ ಮಾಡಿದ್ದು. ಈಗ ಜಾವಾ, ಯೆಜ್ಡಿ ಹೆಸರಲ್ಲಿ ಬರೋ ಹೊಸ ಬೈಕ್‌ಗಳು ಫೋರ್ ಸ್ಟ್ರೋಕ್. ಅವುಗಳ ಪೈಪ್ ನಮಗೆ ಉಪಯೋಗ ಇಲ್ಲ.

ಕೆನಡಾದಲ್ಲಿರೋ ನನ್ನ ದೊಡ್ಡಪ್ಪನ ಮಗನಿಗೆ ಈ ಕಥೆ ಹೇಳಿದಾಗ ಅವನು ನಕ್ಕ. ಅವನ ಪಕ್ಕದ ಮನೆಯವನು ಸ್ನೋಮೊಬೈಲ್ ಇಟ್ಟಿದ್ದಾನಂತೆ, ಹಿಮದ ಮೇಲೆ ಓಡೋ ಗಾಡಿ. ಅದರಲ್ಲೂ ಬಹಳಷ್ಟು ಟೂ ಸ್ಟ್ರೋಕೇ. ಅವರಿಗೂ ಇದೇ ಗೋಳು. ಪೈಪಿನ ಜೋಡಣೆಗಳನ್ನ ಬಿಗಿ ಹಿಡಿದಿರೋ ಸ್ಪ್ರಿಂಗ್ ಸಡಿಲವಾಗುತ್ತೆ, ಅಲುಗಾಟಕ್ಕೆ ಬಿರುಕು ಬಿಡುತ್ತೆ, ಬೇಸಿಗೆಯೆಲ್ಲ ಶೆಡ್ಡಲ್ಲಿ ನಿಂತು ತುಕ್ಕು ಹಿಡಿಯುತ್ತೆ. ಅವರದು ಹಿಮ, ನಮ್ಮದು ಸೆಲ್ಲಾರ್, ರೋಗ ಮಾತ್ರ ಒಂದೇ.

ಸರಿ, ನನ್ನ ಸುಳ್ಳಿನ ಕಥೆಗೆ ಬರೋಣ. ಮರುದಿನ ಬೆಳಗ್ಗೆ ಸ್ಟ್ಯಾಂಡ್‌ಅಪ್ ಕಾಲ್‌ಗೆ ಚಕ್ಕರ್ ಹೊಡೆದು ಗುಜರಿ ಅಂಗಡಿಗೆ ಓಡಿದೆ. ಬಲಗಡೆಯ ಪೈಪ್ ಹಳೇ ಫ್ಯಾನ್‌ಗಳ ರಾಶಿ ಕೆಳಗೆ ಸಿಕ್ತು. ಎಡಗಡೇದು ಹಿಂದಿನ ವಾರದ ಲಾರಿಯಲ್ಲಿ ಹೋಗಿತ್ತು. ಬಿರುಕು ಮಾತ್ರ ಬಿಟ್ಟಿದ್ದ, ಚೆನ್ನಾಗಿದ್ದ ಪೈಪೇ ಹೋಯ್ತು ನೋಡಿ. ನಾನೇ ತೂಕಕ್ಕೆ ಕೊಟ್ಟಿದ್ದನ್ನ ನಾನೇ ದುಪ್ಪಟ್ಟು ಕೊಟ್ಟು ಬಿಡಿಸಿಕೊಂಡೆ.

ಅಲ್ಲಿಂದ ಪುತ್ಲಿಬೌಲಿ. ಹೈದರಾಬಾದಿಗೆ ಹೊಸಬರಾದವರಿಗೆ ಹೇಳ್ತೀನಿ, ಕೋಠಿ ಪಕ್ಕದ ಪುತ್ಲಿಬೌಲಿ, ಜಾಂಬಾಗ್ ಕಡೆ ಗಾಡಿಗಳ ಬಿಡಿಭಾಗದ ಅಂಗಡಿಗಳು ಸಾಲಾಗಿವೆ. ಬೆಂಗಳೂರಿನವರು ಜೆಸಿ ರೋಡ್ ನೆನೆಸಿಕೊಳ್ಳಿ. ಮಿಯಾಪುರದಿಂದ ಮೆಟ್ರೋದಲ್ಲಿ ಉಸ್ಮಾನಿಯಾ ಮೆಡಿಕಲ್ ಕಾಲೇಜ್ ಸ್ಟೇಷನ್ನಿಗೆ ಬಂದ್ರೆ ಅಲ್ಲಿಂದ ನಡೆಯೋ ದೂರ. ಸೈಲೆನ್ಸರ್ ಹೊತ್ಕೊಂಡು ಮೆಟ್ರೋ ಹತ್ತೋ ಧೈರ್ಯ ನನಗಿರಲಿಲ್ಲ, ಆಟೋದಲ್ಲೇ ಹೋದೆ.

ಅಲ್ಲಿ ಒಬ್ಬರು ವಯಸ್ಸಾದ ಮೆಕ್ಯಾನಿಕ್, ಎಲ್ಲರೂ ಉಸ್ತಾದ್ ಅಂತಾರೆ. ಪೈಪ್ ಕೈಗೆ ತಗೊಂಡು ಬೆರಳಲ್ಲಿ ಟಕ್ ಟಕ್ ಅಂತ ತಟ್ಟುತ್ತಾ ಹೋದ್ರು. ಗಟ್ಟಿ ತಗಡು ಗಂಟೆ ಥರ ಅನ್ನುತ್ತೆ, ಕೊಳೆತದ್ದು ಮಡಕೆ ಥರ ಅನ್ನುತ್ತೆ. ತೂತಿನ ಸುತ್ತ ಅಂಗೈ ಅಗಲ ಮಾತ್ರ ಮಡಕೆ ಸದ್ದು. ‘ನಯಾ ನಕ್ಕೋ ಸಾಬ್, ಯೇ ಬನ್‌ತಾ’ ಅಂದ್ರು. ಹೊಸದು ಬೇಡ, ಇದೇ ಆಗುತ್ತೆ ಅಂತ. ನಿಮ್ಮದು ಉದ್ದಕ್ಕೂ ಮಡಕೆ ಅಂದ್ರೆ ಆಸೆ ಬಿಡಿ. ವೆಲ್ಡಿಂಗ್ ಹಿಡಿಯೋಕೆ ಗಟ್ಟಿ ಅಂಚು ಬೇಕು. ಕೊಳೆತ ತಗಡಿಗೆ ಬೆಂಕಿ ತೋರಿಸಿದಷ್ಟೂ ತೂತು ದೊಡ್ಡದಾಗುತ್ತೆ.

ಮೊದಲ ಕೆಲಸ ಕ್ಲೀನಿಂಗ್. ಯೆಜ್ಡಿಗೆ ಲೀಟರ್ ಪೆಟ್ರೋಲಿಗೆ 30-40 ಎಂಎಲ್ ಟೂ-ಟಿ ಎಣ್ಣೆ ಹಾಕ್ತೀವಲ್ಲ, ಅದರಲ್ಲಿ ಉರಿಯದೆ ಉಳಿದದ್ದು ಜಾಲಿ ಮೇಲೆ ಡಾಂಬರು ಥರ ಕೂರುತ್ತೆ. ಹಿಂದಿನ ಬೋಲ್ಟ್ ಬಿಚ್ಚಿದ್ರೆ ಜಾಲಿ ಹೊರಗೆ ಬರಬೇಕು. ನನ್ನದು ಅರ್ಧ ದಿನ ಡೀಸೆಲಲ್ಲಿ ನೆನೆದ ಮೇಲೆ ಬಂತು. ಅಪ್ಪ ಪ್ರತಿ ವರ್ಷ ಆಯುಧ ಪೂಜೆ ಹಿಂದಿನ ದಿನ ಇದನ್ನ ಬಿಚ್ಚಿ ತಂತಿ ಬ್ರಷ್ಷಲ್ಲಿ ಉಜ್ಜುತ್ತಿದ್ದದ್ದು ನೆನಪಿದೆ. ನಾನು ಆರು ವರ್ಷ ಗಾಡಿಗೆ ಬರೀ ಹೂವಿನ ಹಾರ ಹಾಕಿದ್ದೆ.

ಪೈಪಿನ ಒಳಗಿನ ಮಸಿಗೆ ಕಾಸ್ಟಿಕ್ ಸೋಡಾ. ಇದನ್ನ ಮನೇಲಿ ಮಾಡಬೇಡಿ ಅಂತಲೇ ನನ್ನ ಸಲಹೆ, ಅದರಲ್ಲೂ ಮಕ್ಕಳಿರೋ ಮನೇಲಿ. ಮಾಡಲೇಬೇಕು ಅಂದ್ರೆ ಕಣ್ಣಿಗೆ ಕನ್ನಡಕ, ಕೈಗೆ ಉದ್ದದ ರಬ್ಬರ್ ಗ್ಲೌಸ್ ಹಾಕಿ, ಬಯಲಲ್ಲಿ ಮಾಡಿ. ಒಂದು ಲೀಟರ್ ತಣ್ಣೀರಿಗೆ 100 ಗ್ರಾಂ ಸೋಡಾ, ಸ್ವಲ್ಪ ಸ್ವಲ್ಪವಾಗಿ. ನೀರಿಗೆ ಸೋಡಾ ಹಾಕಬೇಕು, ಸೋಡಾಗೆ ನೀರು ಹಾಕಿದ್ರೆ ಕುದ್ದು ಮುಖಕ್ಕೆ ಹಾರುತ್ತೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಪೈಪಿಗೆ ಅಂಟಿದ ಅಲ್ಯೂಮಿನಿಯಂ ಭಾಗ ಇದ್ರೂ ತೆಗೆದಿಡಿ. ಅದು ಕರಗಿ, ಹತ್ತಿಕೊಳ್ಳೋ ಹೈಡ್ರೋಜನ್ ಗಾಳಿ ಬಿಡುತ್ತೆ. ಪೈಪಿನ ಒಂದು ತುದಿಗೆ ರಬ್ಬರ್ ಬಿರಡೆ ಹಾಕಿ ತುಂಬಿಸಿ ರಾತ್ರಿಯೆಲ್ಲ ಬಿಡ್ತಾರೆ. ಎರಡೂ ತುದಿ ಮುಚ್ಚಬಾರದು. ಬೆಳಗ್ಗೆ ನಾಲ್ಕೈದು ಸಲ ನೀರಲ್ಲಿ ತೊಳೆದು, ಬಿಸಿ ಗಾಳಿಯಲ್ಲಿ ಒಣಗಿಸೋದು. ಕೆಲವು ಕಡೆ ಇದರ ಬದಲು ಪೈಪಿಗೆ ಬೆಂಕಿ ಹಚ್ಚಿ ಮಸಿ ಸುಡ್ತಾರೆ. ಮಸಿ ಹೋಗುತ್ತೆ, ಜೊತೆಗೆ ಕ್ರೋಮೂ ನೀಲಿಗಟ್ಟಿ ಹೋಗುತ್ತೆ.

ಆಮೇಲೆ ವೆಲ್ಡಿಂಗ್. ತೂತಿನ ಸುತ್ತ ಮಡಕೆ ಸದ್ದಿನ ತಗಡನ್ನ ಪೂರ್ತಿ ಕತ್ತರಿಸಿ ತೆಗೆದ್ರು, ಕರುಣೆ ಇಲ್ಲದೆ. ಅದೇ ದಪ್ಪದ ಮೈಲ್ಡ್ ಸ್ಟೀಲ್ ತಗಡನ್ನ ಪೈಪಿನ ಬಾಗಿಗೆ ಸರಿಯಾಗಿ ಬಡಿದು ಬಗ್ಗಿಸಿ ಕೂರಿಸಿದ್ರು. ತೇಪೆ ಒಳಕ್ಕೆ ಉಬ್ಬಬಾರದು, ಒಳಗಿನ ಅಳತೆ ಮೊದಲಿನಷ್ಟೇ ಇರಬೇಕು. ಎಷ್ಟೋ ವೆಲ್ಡಿಂಗ್ ಅಂಗಡಿಗಳಲ್ಲಿ ಜಿಐ ತಗಡಿನ ಚೂರು ಕೈಗೆ ಸಿಕ್ಕಿದ್ದನ್ನ ಹಾಕ್ತಾರೆ. ಅದರ ಸತುವಿನ ಹೊಗೆ ಕುಡಿದ್ರೆ ರಾತ್ರಿ ಚಳಿಜ್ವರ ಬರುತ್ತೆ, ಬೆಸುಗೆಯೂ ನಿಲ್ಲಲ್ಲ. ಕ್ರೋಮ್ ಮೇಲೇ ವೆಲ್ಡ್ ಮಾಡೋದು ಅದಕ್ಕಿಂತ ಕೆಟ್ಟದ್ದು, ಆ ಹೊಗೆ ಶ್ವಾಸಕೋಶಕ್ಕೆ ವಿಷ. ಸುತ್ತ ಒಂದು ಇಂಚು ಕ್ರೋಮ್ ಉಜ್ಜಿ ತೆಗೆದು, ಗಾಳಿ ಆಡೋ ಜಾಗದಲ್ಲಿ ಮಾಡಬೇಕು. ಮನೆ ಗೇಟಿಗೆ ಹಾಕೋ ದಪ್ಪ ರಾಡಿನ ಆರ್ಕ್ ವೆಲ್ಡಿಂಗ್ ಈ ತೆಳು ತಗಡಿಗೆ ಆಗಲ್ಲ, ಸುಟ್ಟು ತೂತಾಗುತ್ತೆ. ಗ್ಯಾಸ್ ವೆಲ್ಡಿಂಗ್ ಇಲ್ಲವೇ ಟಿಗ್ ಕೇಳಿ. ನಲ್ಲಿ ಸೋರಿದ್ರೆ ಹಚ್ಚೋ ಎಪಾಕ್ಸಿ ಮೇಣ ಪೈಪಿನ ಬಿಸಿಗೆ ಒಂದು ದಿನವೂ ನಿಲ್ಲಲ್ಲ. ಊರಿಂದ ಬರೋ ದಾರೀಲಿ ಕರ್ನೂಲಿನ ಹತ್ರ ಪೈಪ್ ಒಡೆದ್ರೆ? ಆಗ ತಂಪುಪಾನೀಯದ ಡಬ್ಬಿ ಕತ್ತರಿಸಿ ಸುತ್ತಿ, ಎರಡು ಹೋಸ್ ಕ್ಲಿಪ್ ಬಿಗಿದು ಊರು ಸೇರಿ. ಮನೆವರೆಗೆ ಅಷ್ಟು ಸಾಕು.

ಬಿರುಕು ಬಿಟ್ಟ ಪೈಪಿಗೆ ಒಂದು ಉಪಾಯ ಇದೆ. ಬಿರುಕು ಎಲ್ಲಿ ಮುಗಿಯುತ್ತೋ ಅಲ್ಲಿ 2-3 ಎಂಎಂ ತೂತು ಕೊರೆದು ಆಮೇಲೆ ಬೆಸೆಯಬೇಕು, ಆಗ ಬಿರುಕು ಮುಂದೆ ಓಡಲ್ಲ. ಇನ್ನೊಂದು, ಬಿರುಕು ತಾನಾಗಿ ಬರೋದಿಲ್ಲ. ಎಲ್ಲೋ ಕ್ಲ್ಯಾಂಪ್ ಸಡಿಲವಾಗಿ ಪೈಪ್ ಕುಣೀತಿರುತ್ತೆ. ಇಲ್ಲಾಂದ್ರೆ ಬ್ರ್ಯಾಕೆಟ್‌ಗೆ ಸರಿಯಾಗಿ ಕೂರದೆ ಎಳೆದು ಬೋಲ್ಟ್ ಹಾಕಿರ್ತಾರೆ. ಅದನ್ನ ಸರಿ ಮಾಡದೆ ಬೆಸೆದ್ರೆ, ಬೆಸುಗೆ ಪಕ್ಕದಲ್ಲೇ ಹೊಸ ಬಿರುಕು ಬರುತ್ತೆ.

ಎಡಗಡೆಗೆ ಉಸ್ತಾದ್ ಅವರ ಅಟ್ಟದ ಮೇಲೆ ಯಾವುದೋ ಗಾಡಿಯಿಂದ ಬಿಚ್ಚಿದ ಹಳೇ ಒರಿಜಿನಲ್ ಒಂದು ಸಿಕ್ತು. ಸೊಟ್ಟ ಇತ್ತು, ಗೀರು ಇತ್ತು, ತಟ್ಟಿದ್ರೆ ಗಂಟೆ ಸದ್ದು. ಹೊಸ ನಕಲೀನ ಪಕ್ಕದಲ್ಲಿಟ್ಟು ಜಾಲಿ ಹೊರಗೆ ತೆಗೆದಾಗ ಕಾರಣ ಕಣ್ಣಿಗೇ ಕಾಣಿಸ್ತು. ನಕಲಿಯ ಜಾಲಿ ಹೆಚ್ಚುಕಮ್ಮಿ ನಾಲ್ಕು ಬೆರಳು ಗಿಡ್ಡ, ತೂತುಗಳು ದೊಡ್ಡವು, ಲೆಕ್ಕಕ್ಕಿಂತ ಕಮ್ಮಿ. ಹೊರಗಿನ ಆಕಾರ ಮಾತ್ರ ಕಾಪಿ ಹೊಡೆದಿದ್ರು. ಹೊಸದು ಕೊಳ್ಳಲೇಬೇಕಾದವರು ಇದನ್ನ ಮಾಡಿ. ಹಳೇ ಜಾಲಿ ಕೈಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ, ಪಕ್ಕಪಕ್ಕ ಇಟ್ಟು ಅಳೆಯಿರಿ. ಪಾಲಿಷ್ ನೋಡಬೇಡಿ. ಒಳ್ಳೇ ಅಳತೆಯ ಹೊಸ ಪೈಪೂ ಇವೆ, ಎಲ್ಲವನ್ನೂ ನಾನು ಬೈತಿಲ್ಲ. ಹಾಕೋದಾದ್ರೆ ಜೋಡಿಯಾಗಿ ಹಾಕಿ. ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರದ ಜಾಲಿ ಇದ್ರೆ ಹೊಗೆಯೆಲ್ಲ ಸಲೀಸಾಗಿರೋ ಕಡೆಗೇ ನುಗ್ಗುತ್ತೆ.

ಕೂರಿಸೋವಾಗ ಜೋಪಾನ ಬೇಕಾದ ಜಾಗ ಒಂದೇ, ಸಿಲಿಂಡರ್ ಬಾಯಲ್ಲಿರೋ ರಿಂಗ್ ನಟ್. ಅದನ್ನ ಸುತ್ತಿಗೆ ಉಳಿ ಇಟ್ಟು ಹೊಡೆದು ಬಿಚ್ಚೋರು ಬಹಳ ಜನ. ತ್ರೆಡ್ ಹೋಯ್ತು ಅಂದ್ರೆ ಸಿಲಿಂಡರ್ ಬಿಚ್ಚಿ ಲೇತಿಗೆ ಕಳಿಸಬೇಕು, ಸೈಲೆನ್ಸರಿನ ಖರ್ಚು ಅದರ ಮುಂದೆ ಏನೂ ಅಲ್ಲ. ಹಿಂದಿನ ದಿನವೇ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು, ಸಿ ಸ್ಪ್ಯಾನರಿಂದಲೇ ಬಿಚ್ಚಿ. ಒಳಗಿನ ಹಳೇ ಗ್ಯಾಸ್ಕೆಟ್‌ನಲ್ಲಿ ಕಲ್ನಾರು ಇರಬಹುದು. ಒಣಗಿದ್ದನ್ನ ಕೆರೆದು ಊದಬೇಡಿ, ಒದ್ದೆ ಮಾಡಿ ತೆಗೆದು ಕವರಲ್ಲಿ ಕಟ್ಟಿಡಿ. ಹೊಸ ಗ್ಯಾಸ್ಕೆಟ್ ಕಡ್ಡಾಯ. ಮೊದಲು ಎಲ್ಲಾ ಬೋಲ್ಟನ್ನೂ ಕೈಯಲ್ಲಿ ಸಡಿಲವಾಗಿ ಹಾಕಿ, ಪೈಪ್ ತನ್ನಷ್ಟಕ್ಕೆ ತಾನು ಕೂತ ಮೇಲೆ ಸಿಲಿಂಡರ್ ಕಡೆಯಿಂದ ಹಿಂದಕ್ಕೆ ಬಿಗಿಯುತ್ತಾ ಬನ್ನಿ. ಒಂದು ಸುತ್ತು ಓಡಿಸಿ, ತಣ್ಣಗಾದ ಮೇಲೆ ರಿಂಗ್ ಇನ್ನೊಮ್ಮೆ ಬಿಗಿ ಮಾಡಿ. 100 ಕಿಲೋಮೀಟರ್ ಆದ್ಮೇಲೆ ಮತ್ತೊಮ್ಮೆ. ಸೋರ್ತಿದೆಯಾ ಅಂತ ನೋಡೋಕೆ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಎರಡೂ ಪೈಪಿನ ಹಿಂದೆ ಒಂದು ಅಡಿ ದೂರದಲ್ಲಿ ಅಂಗೈ ಹಿಡೀರಿ. ಗಾಳಿಯ ಹೊಡೆತ ಎರಡೂ ಕಡೆ ಒಂದೇ ಸಮ ಇರಬೇಕು. ಒಂದು ಕಡೆ ಸೋತಿದ್ರೆ ಅಲ್ಲಿ ಜಾಲಿ ಕಟ್ಟಿದೆ, ಇಲ್ಲವೇ ರಿಂಗ್ ಹತ್ರ ಸೋರ್ತಿದೆ. ರಿಂಗಿನ ಕೆಳಗೆ ಕಪ್ಪು ಎಣ್ಣೆ ಗೆರೆ ಇಳಿದಿದ್ರೆ ಸೋರಿಕೆ ಖಾತ್ರಿ.

ಕಾಗದದ ಮಾತು ಚುಟುಕಾಗಿ. ಬೇರೆ ರಾಜ್ಯದ ಗಾಡೀನ 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡ್ರೆ ಊರಿನ ಆರ್‌ಟಿಒದಿಂದ ಎನ್‌ಒಸಿ ತಂದು ಇಲ್ಲಿನ ನಂಬರ್ ಮಾಡಿಸಬೇಕು. ನಾನು ತಡ ಮಾಡಿದೆ, ನೀವು ಮಾಡಬೇಡಿ. 15 ವರ್ಷ ದಾಟಿದ ಗಾಡಿಗೆ ಆರ್‌ಸಿ ಐದೈದು ವರ್ಷಕ್ಕೆ ನವೀಕರಣ. ಕೇಂದ್ರ ಮೋಟಾರು ವಾಹನ ನಿಯಮ 120ರ ಪ್ರಕಾರ ಸದ್ದು ತಗ್ಗಿಸೋ ಸೈಲೆನ್ಸರ್ ಇರಲೇಬೇಕು. ಜಾಲಿ ಕಿತ್ತು ಓಡಿಸಿದ್ರೆ ಪೊಲೀಸರು ಹಿಡಿಯೋದು ನ್ಯಾಯವೇ. 2000ನೇ ಇಸವಿಗಿಂತ ಹಿಂದಿನ ದ್ವಿಚಕ್ರಕ್ಕೆ ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 4.5, ಹೈಡ್ರೋಕಾರ್ಬನ್ 9000 ಪಿಪಿಎಂ. ಜಾಲಿ ತೊಳೆದು, ಕಾರ್ಬ್ಯುರೇಟರ್ ಸರಿ ಮಾಡಿಸಿದ ಮೇಲೆ ನನ್ನದು ಪಾಸಾಯ್ತು.

ಕ್ರೋಮ್ ಇನ್ನೂ ಮಾಡಿಸಿಲ್ಲ. ತೇಪೆಯ ಮೇಲೆ ಬಿಸಿ ತಡೆಯೋ ಕಪ್ಪು ಬಣ್ಣ ಹೊಡೆದಿದ್ದೀನಿ, ತಳದಲ್ಲಿರೋದ್ರಿಂದ ಬಗ್ಗಿದ್ರೆ ಮಾತ್ರ ಕಾಣುತ್ತೆ.

ದಸರಾಕ್ಕೆ ಅಪ್ಪ ಮತ್ತೆ ಬಂದಿದ್ರು. ಈ ಸಲ ಬಾಲ್ಕನಿಯಿಂದ ಕೂಗಲಿಲ್ಲ, ಚಪ್ಪಲಿ ಹಾಕ್ಕೊಂಡು ಸೀದಾ ಕೆಳಗೆ ಬಂದ್ರು. ಸ್ವಲ್ಪ ಹೊತ್ತು ಕೇಳಿಸಿಕೊಂಡು ನಿಂತಿದ್ದು, ಆಮೇಲೆ ಕೂತು ಎಡಗಡೆ ಪೈಪಿನ ಸೊಟ್ಟ ಸವರಿ, ‘ಇದು ಯಾರ ಮನೇದೋ?’ ಅಂದ್ರು. ನಡೆದದ್ದೆಲ್ಲ ಹೇಳಿದೆ, ಗುಜರಿದೂ ಸೇರಿಸಿ. ‘ಬಲಗಡೇದಾದ್ರೂ ಉಳೀತಲ್ಲ, ಬಿಡು’ ಅಂತ ಹೇಳಿ, ಸಿ ಸ್ಪ್ಯಾನರ್ ಎಲ್ಲಿಟ್ಟಿದ್ದೀಯ ಅಂತ ಕೇಳಿದ್ರು. ಎಡಗಡೆ ರಿಂಗ್ ಇನ್ನೂ ಅರ್ಧ ಸುತ್ತು ಬಿಗಿ ಹಿಡೀತು.